ಹೆಸರು ಕಳೆದುಕೊಂಡ ಪಾಠಗಳು

ಪ್ರೀತಿಯ ವಿಮಲಕ್ಕ,

ನಂಜನಗೂಡಿಗೆ ಬಂದು ಒಂದು ತಿಂಗಳಾಯಿತು. ಯಾಕೆ ಬಂದೆ ಅಂತ ಮೊದಲು ನಿಮಗೇ ಹೇಳಬೇಕಿತ್ತು. ಅಷ್ಟರಲ್ಲಿ ನೀವೇ ಇಲ್ಲವಾದಿರಿ… ಇರಲಿ. ಒತ್ತಿದ ಅಕ್ಷರವನ್ನು ಓದಿ ಹೇಳುವ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವ್ವ ನನ್ನ ಕೈಹಿಡಿದು ನಮ್ಮೂರು ಹೆಮ್ಮಿಗೆಯಿಂದ ನರಸೀಪುರದ ನಿಮ್ಮ ಮನೆಗೆ ಕರೆತಂದ ದಿನ ನೆನಪಿದೆಯೇ? "ಕಣ್ಣು ಕಾಣಾಕಿಲ್ಲ, ಆದ್ರೂ ಬಿಎ ಓದ್ತೀನಿ ಅಂತ ಅಟ ಇಡ್ದವ್ಳೆ ಕಣವ್ವ. ನೀವು ಓದಿ ಏಳುದ್ರೆ ಕೇಳುಸ್ಕತಾಳೆ" ಅಂದಳು. ನೀವು ಶಾಲೆಯ ಕಚೇರಿಯಲ್ಲಿ ದಿನವಿಡೀ ಟೈಪ್ ಮಾಡಿ ದಣಿದು ಬಂದವರು. "ಒಂದ್ಸಲ ಓದುದ್ರೆ ಸಾಕಾಗಲ್ಲ, ರೆಕಾರ್ಡ್ ಮಾಡ್ಕೊಡ್ತೀನಿ ಬಿಡಿ" ಎಂದಿರಿ. ಮೂರು ವರ್ಷದ ಇತಿಹಾಸದ ಪಾಠಗಳನ್ನೆಲ್ಲ ಓದಿ ಓದಿ, ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಆ ಹಾರ್ಡ್ ಡಿಸ್ಕಿಗೆ ತುಂಬಿಸಿದಿರಿ. ಯಾರು ಮಾಡುತ್ತಾರೆ ಅಕ್ಕ, ಯಾರದೋ ಮಗಳಿಗೆ ಅಷ್ಟನ್ನು?

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಹೊಸ ಪಾಠವೊಂದನ್ನು ಡಿಸ್ಕಿಗೆ ಹಾಕುತ್ತಿರುವಾಗಲೇ ಕರೆಂಟು ಹೋಯಿತು. ಮತ್ತೆ ಬಂದಾಗ ಅರ್ಧಕ್ಕರ್ಧ ಪಾಠಗಳು ತೆರೆಯಲೇ ಇಲ್ಲ. ಫೈಲ್ ಹಾಳಾಗಿದೆ, ಓದಲಾಗುತ್ತಿಲ್ಲ ಎಂದು ಬರುತ್ತಿದೆ ಅಂದಿರಿ. ರಿಪೇರಿ ಅಂಗಡಿಯವನು, "ಫಾರ್ಮ್ಯಾಟ್ ಮಾಡ್ಬುಡ್ತೀನಿ ಕಣ್ರೀ, ಡಿಸ್ಕು ಹೊಸದ್ರಂಗೆ ಆಯ್ತದೆ" ಅಂದ.

"ಒಳಗಿರೋದು?"

"ಅದೆಲ್ಲಾ ಹೋಯ್ತದೆ ಮೇಡಂ."

"ಹಂಗಾದ್ರೆ ಬ್ಯಾಡ, ಕೊಡಿ ಇಲ್ಲಿ" ಎಂದು ನನ್ನ ತೋಳು ಹಿಡಿದು ಹೊರಟೇಬಿಟ್ಟಿರಿ.

ಮೈಸೂರಿನಲ್ಲಿದ್ದ ನಿಮ್ಮ ತಮ್ಮನಿಗೆ ಫೋನ್ ಮಾಡಿದಿರಿ. ಅವರು ಹೇಳಿದಂತೆ, ಸರಿಯಾಗಿ ತೆರೆಯುತ್ತಿದ್ದ ಪಾಠಗಳನ್ನು ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಟ್ಟು, ಆಮೇಲೆ ಡಿಸ್ಕಿನ ದೋಷ ಹುಡುಕಿ ಸರಿಪಡಿಸಲು ಕಂಪ್ಯೂಟರಿಗೇ ಬಿಟ್ಟಿರಿ. ಎಷ್ಟು ಹೊತ್ತು ಹಿಡಿಯಿತು! "ಎಲ್ಲಿಗ್ ಬಂತಕ್ಕ?" ಎಂದು ಪೀಡಿಸುತ್ತಲೇ ಇದ್ದೆ. "ಸುಮ್ನೆ ಕೂತ್ಕೊಳೇ ಜಯಾ, ವೈರ್ ಗೀರ್ ಅಲ್ಲಾಡೀತು" ಅಂದಿರಿ. ಇಬ್ಬರೂ ಊಟ ಮಾಡಲಿಲ್ಲ.

ಹಾಳಾಗಿದ್ದ ಪಾಠಗಳೂ ಸಿಕ್ಕವು. ಆದರೆ ಅವುಗಳ ಹೆಸರುಗಳೆಲ್ಲ ಅಳಿಸಿಹೋಗಿ ಬರೀ ನಂಬರುಗಳಿದ್ದವು. "ಅಯ್ಯೋ, ಯಾವ್ದು ಯಾವ ಪಾಠ ಅಂತ ಹೆಂಗೆ ಗೊತ್ತಾಗ್ಬೇಕೇ?" ಎನ್ನುತ್ತ ಒಂದನ್ನು ಹಾಕಿದಿರಿ. ಎರಡು ಮಾತು ಕೇಳಿದ್ದೇ ತಡ, "ಹೊಯ್ಸಳರ ಆಡಳಿತ" ಅಂದೆ. ಇನ್ನೊಂದು ಹಾಕಿದಿರಿ. "ಇದು ಟಿಪ್ಪು ಕಾಲದ ಕಂದಾಯ. ಈಗ ನಿಮಗೆ ಕೆಮ್ಮು ಬತ್ತದೆ ನೋಡಿ" ಅಂದೆ. ರೆಕಾರ್ಡಿನಲ್ಲಿ ಬಂದೇ ಬಂತು! ನೀವು ನಕ್ಕಿರಿ, ನಗುತ್ತಲೇ ಮೂಗೆಳೆದುಕೊಂಡಿರಿ. ನಾನು ಹೇಳುತ್ತ ಹೋದೆ, ನೀವು ಹೆಸರು ಟೈಪ್ ಮಾಡುತ್ತ ಹೋದಿರಿ. "ಎಲ್ಲಾ ನಿನ್ ತಲೇಲೇ ಅದೆ, ಇನ್ಯಾಕೇ ಹೆದರ್ತೀಯಾ?" ಎಂದಿರಿ. ಆ ಮಾತಿನ ಧೈರ್ಯದಲ್ಲೇ ಪರೀಕ್ಷೆಗೆ ಕೂತೆ.

ನಾನು ಪಾಸಾದ ಸುದ್ದಿ ನಿಮಗೆ ಗೊತ್ತು. ಬಿ.ಎಡ್.ಗೆ ಸೇರಿದ್ದೂ ಗೊತ್ತು. ಆಮೇಲಿನದನ್ನು ಕೇಳಿ ಅಕ್ಕ. ಇಲ್ಲಿನ ಹೈಸ್ಕೂಲಿನಲ್ಲಿ ನಾನೀಗ ಇತಿಹಾಸದ ಟೀಚರು! ಮೊದಲ ದಿನ ತರಗತಿ ಗಪ್‌ಚಿಪ್. ಒಬ್ಬಳು ಮಾತ್ರ ಎದ್ದು, "ಮಿಸ್, ನಾವು ಕೈ ಎತ್ತುದ್ರೆ ನಿಮ್ಗೆ ಕಾಣಲ್ವಲ್ಲ, ಏನ್ ಮಾಡೋದು?" ಎಂದು ಕೇಳಿದಳು. "ಹೆಸರು ಕೂಗಿ" ಅಂದೆ. ಈಗ ಪ್ರಶ್ನೆ ಮುಗಿಸುವಷ್ಟರಲ್ಲಿ ಇಡೀ ತರಗತಿ ತಂತಮ್ಮ ಹೆಸರು ಕೂಗುತ್ತದೆ. ಪಕ್ಕದ ಕೋಣೆಯ ಮೇಷ್ಟ್ರು ದಿನಾ ಬಂದು ಬಾಗಿಲು ಬಡಿಯುತ್ತಾರೆ. ಗದ್ದಲವೋ ಗದ್ದಲ, ಅಕ್ಕ.

ನಿಮ್ಮ
ಜಯಾ