ಸಂಪದಾ ಅವರ ಹೆಸರಿಗೆ

ಕೊಪ್ಪ
೧೪ ಮೇ ೨೦೨೫

ಪ್ರೀತಿಯ ಜ್ಯೋತ್ಸ್ನಾ,

ಫೋನು ಕೈಯಲ್ಲೇ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಶೃಂಗೇರಿಗೆ ಬಸ್ಸು ಹತ್ತಿ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಕುಳಿತರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಫೋನಿನಲ್ಲಿ ಬರೆಯಲು ಈಚೆಗೆ ಮನಸ್ಸು ಬರುತ್ತಿಲ್ಲ. ಆ ಕಡೆ ಓದುತ್ತಿರುವವರು ಯಾರು ಎಂಬ ಖಾತ್ರಿ ಹೋಗಿದೆ. ಅದು ಹೇಗೆ ಹೋಯಿತು ಎಂಬುದೇ ಈ ಕಾಗದ.

ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಬರುವ ಭಾನುವಾರ ನಮ್ಮ ‘ಹಿತ್ತಲು’ ವಾಟ್ಸಾಪ್ ಗುಂಪಿನಲ್ಲಿ ನೀನು ಹಾಕಲಿರುವ ಎಚ್ಚರಿಕೆಯ ಮೆಸೇಜಿನಲ್ಲಿ ಸಂಪದಾ ಅವರ ಹೆಸರು ಇರಬಾರದು. ಹೆಸರು, ಊರು, ನಂಬರು ಹಾಕಿ, ಇವರು ಪಾರ್ಸೆಲ್ ಬಂದರೂ ಬಂದಿಲ್ಲ ಎನ್ನುತ್ತಾರೆ, ಯಾರೂ ಇವರಿಗೆ ಗಿಡ ಮಾರಬೇಡಿ ಎಂದು ನೀನು ಬರೆದರೆ ಅಷ್ಟೂ ಹೆಂಗಸರು ಓದುತ್ತಾರೆ. ಓದಿದವರು ಇನ್ನೊಂದು ಗುಂಪಿಗೆ ಕಳಿಸುತ್ತಾರೆ. ಅವರ ನಂಬರನ್ನು ಗುಂಪಿನಿಂದ ತೆಗೆಯಲೂ ಬೇಡ. ಕಾರಣ ಹೇಳುತ್ತೇನೆ. ಹೇಳಿದ ಮೇಲೆ ಅದು ನಮ್ಮಿಬ್ಬರ ನಡುವೆಯೇ ಇರಲಿ.

ನಿನ್ನ ಸಿಟ್ಟು ನನಗೆ ಅರ್ಥವಾಗದೆ ಇಲ್ಲ. ಒಂದು ಡೇರೆ ಹೂವಿನ ಗೆಡ್ಡೆಗೆ ನಾವು ಕೇಳುವುದು ಎಷ್ಟು ಕಡಿಮೆ! ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಗೆಡ್ಡೆಗಿಂತ ಅಂಚೆಯ ಖರ್ಚೇ ಹೆಚ್ಚಾಗಿ ಕೊಳ್ಳುವವರೇ ಇರುವುದಿಲ್ಲ. ಅದಕ್ಕೇ ಸಾದಾ ಅಂಚೆ. ಅದಕ್ಕೆ ರುಜು ಹಾಕಿಸಿಕೊಳ್ಳುವುದಿಲ್ಲ, ಎಲ್ಲಿಗೆ ಹೋಯಿತೆಂದು ನೋಡುವ ಹಾಗೂ ಇಲ್ಲ. ಕೊಂಡವರು ಬಂದಿಲ್ಲ ಎಂದರೆ ಬಂದಿಲ್ಲ. ಇಷ್ಟು ಸಣ್ಣ ವಸ್ತುವಿಗೆ ಯಾರನ್ನೂ ಸುಳ್ಳುಗಾರರು ಎನ್ನುವುದು ಬೇಡ, ಇನ್ನೊಂದು ಕಳಿಸಿಬಿಡೋಣ ಎಂದು ಮೊದಲ ವರ್ಷವೇ ಮಾತಾಡಿಕೊಂಡಿದ್ದೆವು. ಆ ಮಾತು ಹೇಳಿದವಳು ನೀನು. ಹೋದ ತಿಂಗಳು ಫೋನಿನಲ್ಲಿ ಬೈದವಳೂ ನೀನೇ. “ಎಂತ ಮಾರಾಯ್ತಿ, ನಾವು ಗೆಡ್ಡೆ ಮಾರೋದಾ, ದಾನ ಮಾಡೋದಾ? ದೆಹಲಿಗೆ ಹೋಗಿದ್ದು ತಲುಪ್ತದೆ, ಪಕ್ಕದ ತಾಲೂಕಿಗೆ ಹೋಗಿದ್ದು ಮಾತ್ರ ದಾರಿ ತಪ್ತದಾ? ಆ ಯಮ್ಮನ ಹಿತ್ತಲಲ್ಲಿ ಈಗ ನಿನ್ನದೇ ಡೇರೆ ಸಾಲಾಗಿ ನಿಂತಿರ್ತದೆ, ಹೋಗಿ ನೋಡು ಬೇಕಾದ್ರೆ.”

ಹೋಗಿ ನೋಡಿದೆ. ನಿನಗೆ ಹೇಳದೆ ಹೋದೆ.

ಸಂಪದಾ ನಮ್ಮ ಹಳೆಯ ಗಿರಾಕಿ. ಅವರ ಮುಖವನ್ನು ನಾವಿಬ್ಬರೂ ನೋಡಿಲ್ಲ. ಫೋನಿನಲ್ಲಿ ಮುಖದ ಜಾಗದಲ್ಲಿ ಒಂದು ಕಡುಗೆಂಪು ಡೇರೆ. ಹೋದ ದೀಪಾವಳಿಯವರೆಗೆ ಅವರು ಟೈಪ್ ಮಾಡಿದ್ದೇ ಇಲ್ಲ. ಎಲ್ಲವೂ ವಾಯ್ಸ್ ಮೆಸೇಜು, ಹಿಂದಿನಿಂದ ಪಾತ್ರೆಯ ಸದ್ದು. “ಶ್ರೀವಾಣಿ, ಆ ನೇರಳೆದು ನೆಲ ಬಿಟ್ಟು ಏಳ್ತಾನೇ ಇಲ್ಲ ಮಾರಾಯ್ತಿ, ಎಂತ ಸೊಕ್ಕು ಅದಕ್ಕೆ!” ಎಂದು ನಗುತ್ತಿದ್ದರು. ಆ ಮೇಲೆ ಕೆಲವು ತಿಂಗಳು ಏನೂ ಇರಲಿಲ್ಲ. ಚಳಿಗಾಲ ಮುಗಿಯುವಾಗ ಮತ್ತೆ ಬಂದರು, ಈ ಸಲ ಅಕ್ಷರದಲ್ಲಿ. ವಾಕ್ಯ ಸಣ್ಣದು, ಕೊನೆಗೆ ಪೂರ್ಣವಿರಾಮ. ಗಂಟಲು ಸರಿ ಇಲ್ಲವಾ ಎಂದು ನಾನೇ ಕೇಳಿದೆ. “ಹೌದು.” ಎಂದು ಬಂತು. ಇದ್ದುದರಲ್ಲಿ ಕಡಿಮೆ ಬೆಲೆಯ ಗೆಡ್ಡೆಯನ್ನೇ ಕೇಳಿದರು, ಹಣ ಕಳಿಸಿದರು. ನಾನು ಡಬ್ಬ ಕಳಿಸಿದೆ. ಬಂದಿಲ್ಲ ಎಂದರು. ಇನ್ನೊಂದು ಕಳಿಸಿದೆ. ಅದೂ ಬರಲಿಲ್ಲ. ಹೀಗೆಯೇ ಬೇಸಗೆ ಪೂರ್ತಿ.

ನೀನು ಕೇಳಿದ್ದೆ, ಅಷ್ಟು ಸಲ ಕಳಿಸಿದ್ದು ಯಾಕೆ ಎಂದು. ಆಗ ನಾನು ಹೇಳಿದ್ದು ನಮ್ಮ ಒಪ್ಪಂದದ ನೆಪ. ನಿಜ ಏನೆಂದರೆ ಪ್ರತಿ ಸಲ ಗೆಡ್ಡೆಯ ಮಾತು ಮುಗಿದ ಮೇಲೆ ನಾನು ಅವರಿಗೆ ಬೇರೆಯದನ್ನೂ ಬರೆಯುತ್ತಿದ್ದೆ. ಮುಖ ನೋಡದವರಿಗೆ ಬರೆಯುವುದು ಸುಲಭ. ಶಿಶಿರ ಬಾಳೆಹೊನ್ನೂರಿನ ತಮ್ಮನ ಮನೆಯಲ್ಲಿ ತೋಟದ ಕೆಲಸಕ್ಕೆಂದು ಉಳಿದಿದ್ದಾನೆ ಎಂದು ನಿನಗೆ ಹೇಳಿದ್ದೇನೆ. ಉಳಿದಿರುವುದು ಅಲ್ಲಿಯೇ, ಕೆಲಸಕ್ಕಲ್ಲ. ಇದು ಸಂಪದಾ ಅವರಿಗೆ ನಿನಗಿಂತ ಮೊದಲು ಗೊತ್ತಿತ್ತು. ಗಂಡ ಹೆಂಡತಿ ಇಬ್ಬರಿದ್ದ ಮನೆಯಲ್ಲಿ ಒಬ್ಬಳೇ ಇರುವಾಗ ಸದ್ದು ಜಾಸ್ತಿಯಾಗುತ್ತದೆ ಎಂದು ಒಂದು ಮಧ್ಯಾಹ್ನ ಬರೆದಿದ್ದೆ. ತುಂಬ ಹೊತ್ತಿನ ಮೇಲೆ ಉತ್ತರ ಬಂತು. “ಹೌದು. ಮೊದಲು ಜಾಸ್ತಿಯಾಗುತ್ತದೆ. ಆಮೇಲೆ ಆ ಸದ್ದು ನಿಮಗೇ ಬೇಕಾಗುತ್ತದೆ.” ಗಂಡನೊಂದಿಗೆ ಇರುವ ಹೆಂಗಸಿಗೆ ಇದು ಹೇಗೆ ತಿಳಿಯಿತು ಎಂದು ಒಂದು ಕ್ಷಣ ಅನ್ನಿಸಿತ್ತು. ಅದನ್ನು ಮುಂದುವರಿಸಲಿಲ್ಲ.

ನೀನು ಬೈದ ಮೇಲೆ ಆ ಎಲ್ಲವೂ ಕೆಟ್ಟದಾಗಿ ಕಾಣತೊಡಗಿತು. ನನ್ನ ಒಂಟಿತನವನ್ನು ಕೇಳಿಸಿಕೊಂಡು ಗೆಡ್ಡೆ ಗಿಟ್ಟಿಸಿಕೊಳ್ಳುತ್ತಿದ್ದಾರೆ ಎನಿಸಿತು. ಅವರ ಸುಳ್ಳನ್ನು ಹಿಡಿಯಲೆಂದೇ ನರಸಿಂಹರಾಜಪುರದ ಬಸ್ಸು ಹತ್ತಿದೆ.

ಶೆಟ್ಟಿಕೊಪ್ಪ ದಾಟಿದ ಮೇಲೆ ವಿಳಾಸದಲ್ಲಿದ್ದ ಸ್ಟಾಪಿನಲ್ಲಿ ಇಳಿದೆ. ಅಲ್ಲಿ ಇರುವುದು ಒಂದೇ ಅಂಗಡಿ, ರಜಾಕ್ ಎನ್ನುವವರದ್ದು. ಮನೆಗಳೆಲ್ಲ ರಸ್ತೆಯಿಂದ ಬಹಳ ಒಳಗೆ. ಅಂಚೆಯವರು ಆ ಮನೆಗಳ ಕಾಗದ, ಪಾರ್ಸೆಲ್ ಎಲ್ಲವನ್ನೂ ಅಂಗಡಿಯಲ್ಲೇ ಬಿಡುತ್ತಾರೆ. ಮನೆಯವರೇ ಹಾಗೆ ಹೇಳಿದ್ದಾರೆ. ಹಾಲು ಹಾಕಲು, ಪೇಪರ್ ಒಯ್ಯಲು ಬಂದವರು ತಮ್ಮದನ್ನೂ ನೆರೆಮನೆಯದನ್ನೂ ಎತ್ತಿಕೊಂಡು ಹೋಗುತ್ತಾರೆ. ನಿನಗೂ ನನಗೂ ಗೊತ್ತಿರುವ ಪದ್ಧತಿಯೇ. ಪೇಟೆಯಲ್ಲಿ ಕೂತು ಡಬ್ಬ ಕಟ್ಟುವಾಗ ಇದು ನಮಗೆ ಯಾಕೆ ಹೊಳೆಯಲಿಲ್ಲವೋ.

ಮನೆಯ ದಾರಿ ಕೇಳಬೇಕೆಂದು ತಲೆ ಎತ್ತಿದಾಗ ಡಬ್ಬಗಳು ಕಂಡವು.

ಬಾಗಿಲಿನ ಮೇಲೆ ಅಡ್ಡ ಹಲಗೆ. ಅದರ ಮೇಲೆ ನನ್ನ ಡಬ್ಬಗಳು, ಬಸ್‌ಸ್ಟ್ಯಾಂಡಿನ ಔಷಧಿ ಅಂಗಡಿಯಿಂದ ತಂದ ಅದೇ ರಟ್ಟಿನವು, ಒಂದರ ಪಕ್ಕ ಒಂದು. ಸಂಪದಾ ಎಂಬ ಹೆಸರು ಎಲ್ಲದರಲ್ಲೂ ರಸ್ತೆಗೆ ಮುಖ ಮಾಡಿತ್ತು. ಅಕ್ಷರ ನನ್ನದು. ಗಾಳಿ ಆಡಲೆಂದು ದಬ್ಬಳದಲ್ಲಿ ಚುಚ್ಚಿದ್ದ ತೂತುಗಳಿಂದ ಮೊಳಕೆ ಹೊರಗೆ ಬಂದಿತ್ತು. ಕತ್ತಲಲ್ಲಿ ಬೆಳೆದದ್ದಕ್ಕೆ ಹಸಿರು ಬಣ್ಣ ಇರುವುದಿಲ್ಲ, ನೀನು ನೋಡಿದ್ದೀಯ. ಬೆಳ್ಳಗೆ, ಉದ್ದ. ಒಂದು ಮೊಳಕೆ ಬೆಳಕಿನ ಕಡೆಗೆ ಬಾರದೆ ಪಕ್ಕದ ಡಬ್ಬದ ತೂತಿನೊಳಗೆ ಹೊಕ್ಕಿತ್ತು. ತುಂಬ ಹೊತ್ತು ನಾನು ಅದನ್ನೇ ನೋಡುತ್ತಿದ್ದೆ ಎಂದು ಕಾಣುತ್ತದೆ, ರಜಾಕ್ “ಎಂತ ಬೇಕಿತ್ತು ಅಕ್ಕ?” ಎಂದು ಎರಡನೇ ಸಲ ಕೇಳಿದರು.

ಸಂಪದಾ ಅವರ ಮನೆ ಎಂದೆ.

“ಎಲ್ಲಿಂದ ಬಂದ್ರಿ?”

ಕೊಪ್ಪದಿಂದ ಎಂದೆ.

“ಹಾಗಾದ್ರೆ ಸುದ್ದಿ ಗೊತ್ತಿಲ್ಲ ನಿಮ್ಗೆ,” ಎಂದರು. “ಅಮ್ಮ ತೀರ್ಕೊಂಡ್ರಲ್ಲ, ದೀಪಾವಳಿ ಆದ್ಮೇಲೆ. ಜ್ವರ ಅಂತ ಆಸ್ಪತ್ರೆಗೆ ಹೋದೋರು ವಾಪಸ್ ಬರ್ಲಿಲ್ಲ. ಈಗ ಮನೇಲಿ ಮೇಷ್ಟ್ರು ಒಬ್ರೇ.”

ಮೇಷ್ಟ್ರು ಅಂದರೆ ಗಜಾನನ, ಅವರ ಗಂಡ, ಹೈಸ್ಕೂಲಿನಲ್ಲಿದ್ದು ನಿವೃತ್ತರಾದವರು. ನಾನು ಹಲಗೆಯ ಕಡೆ ಕೈ ತೋರಿಸಿರಬೇಕು.

“ಅದಾ? ಮೊದಮೊದ್ಲು ನಾನು ಕೈಗೆ ಕೊಡ್ಲಿಕ್ಕೆ ನೋಡ್ದೆ. ತಗೊಳ್ಳಲ್ಲ. ಹೆಸರು ಯಾರದ್ದಿದೆ ಓದು ಅಂದ್ರು. ಮತ್ತೆ ನಾನು ಮಾತಾಡ್ಲಿಲ್ಲ. ನೀವು ನೆಂಟರಾ?”

ಪರಿಚಯ ಎಂದೆ. ಆ ಶಬ್ದ ಸರಿಯೇ ತಪ್ಪೇ ಈಗಲೂ ಗೊತ್ತಿಲ್ಲ.

ಅಷ್ಟರಲ್ಲಿ ಮೇಷ್ಟ್ರೇ ಬಂದರು. ಬೋಳುತಲೆ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಹಾಲಿನ ಕ್ಯಾನು. ಶೋಕದ ಮುಖವೊಂದನ್ನು ನಿರೀಕ್ಷಿಸಿದ್ದೆ. ಆದರೆ ಅವರು ಖುಷಿಯಲ್ಲಿದ್ದರು.

“ಮೇಷ್ಟ್ರೇ, ಅಮ್ಮನ ಹೆಸರಿಗೆ ಇವತ್ತು ಇನ್ನೊಂದು ಬಂದಿದೆ,” ಎಂದರು ರಜಾಕ್. “ಹಲಗೆ ತುಂಬಿತು. ಇನ್ನು ನನ್ನ ಬಿಸ್ಕೆಟ್ ಡಬ್ಬ ಎಲ್ಲಿಡೋದು, ನಿಮ್ಮ ತಲೆ ಮೇಲಾ?”

“ಇಡು, ಇಡು. ಜಾರಿ ಬಿದ್ರೆ ನನ್ನ ಕೇಳ್ಬೇಡ.” ತಲೆ ಸವರಿಕೊಂಡು ನಕ್ಕರು. ನಗುತ್ತಲೇ, ದನಿ ಒಂದಿಷ್ಟೂ ಬದಲಾಗದೆ, “ಅಲ್ಲೇ ಇರ್ಲಿ ಮಾರಾಯ. ಅವಳೇ ಬಂದು ತಗೊಂಡು ಹೋಗ್ತಾಳೆ,” ಎಂದರು.

ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಹೊರಡುವಾಗ ನನ್ನನ್ನು ನೋಡಿ ಬಸ್ಸಿಗಾ ಎಂದು ಕೇಳಿದರು. ಹೌದು ಎಂದೆ. ಲೇಟಾಗಿ ಬರ್ತದೆ, ಬೆಂಚಲ್ಲಿ ಕೂತ್ಕೊಳ್ಳಿ ಎಂದರು. ನನ್ನ ಹೆಸರು ಹೇಳಬಹುದಿತ್ತು. ನನ್ನ ಮನೆಯ ಸದ್ದನ್ನೆಲ್ಲ ಬಲ್ಲ ಮನುಷ್ಯ ಒಂದು ಮಾರು ದೂರದಲ್ಲಿ ನಿಂತು ಬಸ್ಸಿನ ವಿಷಯ ಹೇಳುತ್ತಿದ್ದರು. ನಾನು ಬೆಂಚಿನಲ್ಲಿ ಕೂತೆ. ಅವರು ಒಳದಾರಿ ಹಿಡಿದು ಹೋದರು.

ವಾಪಸ್ ಬರುವ ಬಸ್ಸು ಇನ್ನೂ ಕೊಪ್ಪ ಮುಟ್ಟಿರಲಿಲ್ಲ, ಫೋನು ಸದ್ದು ಮಾಡಿತು. ಕಡುಗೆಂಪು ಡೇರೆ. “ಗೆಡ್ಡೆ ಇನ್ನೂ ಬಂದಿಲ್ಲ. ನೆಡುವ ಕಾಲ ಹತ್ತಿರ ಬಂತು.”

ಪಕ್ಕದಲ್ಲಿದ್ದ ಹೆಂಗಸು ನನಗೆ ಹುಷಾರಿಲ್ಲವೆಂದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಹೆದರಿಕೆ ಎಂದರೆ ಸರಿಯಾಗುವುದಿಲ್ಲ, ಜ್ಯೋತ್ಸ್ನಾ. ಬರೆದವರು ಯಾರೆಂದು ಈಗಷ್ಟೇ ಕಣ್ಣಾರೆ ನೋಡಿದ್ದೆ, ಹಾಲಿನ ಕ್ಯಾನಿನ ಸಮೇತ. ಆದರೂ ಆ ವಾಕ್ಯವನ್ನು ಓದುವಾಗ ಕಿವಿಯಲ್ಲಿ ಕೇಳಿಸಿದ್ದು ಹಿಂದೆ ಪಾತ್ರೆಯ ಸದ್ದಿರುವ ಆ ಹೆಣ್ಣು ದನಿ. ನನ್ನ ಬೆರಳು ತಾನಾಗಿ ಉತ್ತರ ಹೊಡೆಯಿತು. “ಬೇಜಾರು ಮಾಡ್ಕೋಬೇಡಿ ಸಂಪದಾ, ಇನ್ನೊಂದು ಕಳಿಸ್ತೀನಿ.” ಕಳಿಸಿದ ಮೇಲೆ ತಿಳಿಯಿತು, ಬೇಸಗೆ ಪೂರ್ತಿ ನಾನು ಅವರಿಗೆ ಕಳಿಸುತ್ತಿದ್ದದ್ದು ಇದನ್ನೇ. ಬಂದಿಲ್ಲ ಎಂದರೆ ಯಾರೋ ಸಂಪದಾ ಎಂದು ಕರೆದು ಸಮಾಧಾನ ಹೇಳುತ್ತಾರೆ. ಆಮೇಲೆ ಕೆಲವು ದಿನಕ್ಕೆ ಅಂಗಡಿಯವರು ಅಮ್ಮನ ಹೆಸರಿಗೆ ಬಂದಿದೆ ಎನ್ನುತ್ತಾರೆ. ಆ ಮನುಷ್ಯನಿಗೆ ಗೆಡ್ಡೆಯ ಆಸೆ ಇಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನಿನ್ನ ಪಟ್ಟಿಯಲ್ಲಿ ಬರುವುದು ಮೋಸ ಮಾಡಿದವರ ಹೆಸರಲ್ಲ, ತೀರಿಹೋದವರ ಹೆಸರು. ಆ ಮನೆಯಲ್ಲಿ ಅದನ್ನು ಓದುವವರು ಒಬ್ಬರೇ. ಅದನ್ನು ಅವರು ಹೆಂಡತಿಯ ಫೋನಿನಲ್ಲೇ ಓದಬೇಕು. ಕಳೆದುಹೋದದ್ದೆಂದು ನಾವು ಲೆಕ್ಕ ಹಾಕಿದ ಎಲ್ಲವನ್ನೂ ನನ್ನ ಪಾಲಿಗೆ ಬರೆದುಕೊ. ಅಲ್ಲಿಂದ ಬಂದ ಮಾರನೇ ದಿನ ಇನ್ನೊಂದು ಡಬ್ಬ ಕಳಿಸಿದ್ದೇನೆ, ಅದನ್ನೂ ಸೇರಿಸು. ನಿನ್ನ ಗಂಡನಿಗಾಗಲಿ ಗುಂಪಿನವರಿಗಾಗಲಿ ಇದನ್ನು ಹೇಳಬೇಡ. ಶಿಶಿರನ ವಿಷಯ ಮುಂದಿನ ಸಲ ಬಂದಾಗ ಮಾತಾಡೋಣ, ಅಥವಾ ಮಾತಾಡದೆ ಇರೋಣ.

ನಿನ್ನ,
ಶ್ರೀವಾಣಿ

ತಾ.ಕ.: ಕಾಗದವನ್ನು ನಿನ್ನೆಯೇ ಅಂಚೆಗೆ ಹಾಕಬೇಕಿತ್ತು, ಹಾಕಲಿಲ್ಲ. ಇವತ್ತು ಬೆಳಿಗ್ಗೆ ಸಂಪದಾ ಅವರ ನಂಬರು ಗುಂಪು ಬಿಟ್ಟು ಹೋಗಿದೆ. ನೀನು ಅಡ್ಮಿನ್, ನಿನಗೂ ಕಂಡಿರುತ್ತದೆ. ಒಂದು ತೊಂದರೆ ತಾನಾಗಿ ಕಳೆಯಿತು ಎಂದುಕೊಂಡಿರುತ್ತೀಯ. ಕೊನೆಯ ಡಬ್ಬದ ಮೇಲೆ ನಾನು ಸಂಪದಾ ಎಂದು ಬರೆದಿರಲಿಲ್ಲ. ಶ್ರೀ ಗಜಾನನ ಅವರಿಗೆ ಎಂದು ಬರೆದಿದ್ದೆ. ಒಂದಾದರೂ ಮಣ್ಣಿಗೆ ಬೀಳಲಿ ಎಂದು ಬರೆದೆನೋ, ನನಗೆ ಗೊತ್ತಾಗಿದೆ ಎಂದು ತಿಳಿಸಲು ಬರೆದೆನೋ, ಕೇಳಬೇಡ. ರಜಾಕ್ ಅವರ ಅಂಗಡಿಗೆ ಫೋನ್ ಮಾಡಿದೆ. ಮೇಷ್ಟ್ರು ಹೆಸರನ್ನು ಎರಡು ಸಲ ಓದಿದರಂತೆ. ಆಮೇಲೆ ಅದನ್ನೂ ಹಲಗೆಯ ಮೇಲಿನ ಉಳಿದವನ್ನೂ ಗೋಣಿಚೀಲದಲ್ಲಿ ತುಂಬಿಸಿಕೊಂಡು ಮನೆ ಕಡೆ ಹೋದರಂತೆ. ನೆಟ್ಟರಾ ಎಂದು ಕೇಳಿದೆ. “ನಂಗೇನು ಗೊತ್ತು ಅಕ್ಕ, ಆಮೇಲೆ ಪೇಪರಿಗೂ ಬಂದಿಲ್ಲ,” ಎಂದರು. ಆ ನಂಬರಿಗೆ ನಾನೊಂದು ಮೆಸೇಜು ಕಳಿಸಿದ್ದೇನೆ. “ಸಂಪದಾ, ಈ ಸಲ ಬಂತಾ?” ಸಂಜೆಯಾಯಿತು, ಇನ್ನೂ ಒಂದೇ ಟಿಕ್.