ಮುಖ ಬೆಣ್ಣೆ ಮಾಡು

ಜೂನ್ 10, ಮಂಗಳವಾರ

ಇವತ್ತೂ ಸ್ಟುಡಿಯೋ ಕಂಪ್ಯೂಟರಿನಲ್ಲಿ ಒಬ್ಬಳು ಮದುಮಗಳು. ಹಣೆ ಮೇಲೆ ಮೊಡವೆ, ಗಲ್ಲದ ಮೇಲೆ ಮೊಡವೆ, ಮೂಗಿನ ತುದಿಗೊಂದು ಹಣ್ಣಾದದ್ದು. ಓನರ್ ಭಾನುಪ್ರಕಾಶ್ ಸರ್ ಎಂದಿನ ಮಂತ್ರ ಹೇಳಿ ಟೀ ಕುಡಿಯಲು ಹೋದರು— "ಬಿಂದು, ಮುಖ ಬೆಣ್ಣೆ ಮಾಡಮ್ಮ." ಮಾಡಿದೆ. ದೊಡ್ಡಬಳ್ಳಾಪುರದ ಅರ್ಧ ಮದುವೆ ಆಲ್ಬಮ್‌ಗಳಲ್ಲಿರುವುದು ಮುಖಗಳಲ್ಲ, ನನ್ನ ಮೌಸ್ ಓಡಾಡಿ ಕಲೆ ಒರೆಸಿದ ಜಾಗ.

ಒರೆಸುವ ನನ್ನ ಮುಖದ ತುಂಬ ಮೊಡವೆ. ಅದಕ್ಕೇ ಸ್ಟುಡಿಯೋದಲ್ಲಿ ಮಾಸ್ಕ್. ಕೇಳಿದವರಿಗೆ ಡಸ್ಟ್ ಅಲರ್ಜಿ.

ಜೆಲ್ ಶುರು ಮಾಡಿ ಎರಡು ವಾರ. ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಹೇಳಿದ್ದು— ರಾತ್ರಿ ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ ತೆಳ್ಳಗೆ. ಬೆಳಿಗ್ಗೆ ಸನ್‌ಸ್ಕ್ರೀನ್. ಹಿಸುಕಬಾರದು. "ಮೊದಲ್ನೇ ತಿಂಗಳು ಜಾಸ್ತಿ ಆಗುತ್ತೆ. ಹೆದರ್ಕೊಂಡು ಬಿಟ್ಬಿಡ್ಬೇಡಿ, ಮೂರು ತಿಂಗಳು ಕೊಡಿ." ಜಾಸ್ತಿ ಆಗಿದೆ. ಆಕೆ ಹೇಳಿದ್ದರಲ್ಲಿ ಇಷ್ಟಂತೂ ನಿಜವಾಗಿದೆ.

ಮನೆಯಲ್ಲೇನು ಡಾಕ್ಟರುಗಳಿಗೆ ಬರವೇ? ಅಮ್ಮ— ಎಣ್ಣೆ ತಿಂಡಿ ಬಿಡು. ಪಕ್ಕದ ಮನೆ ಪಿಳ್ಳಮ್ಮ— ಟೂತ್‌ಪೇಸ್ಟ್ ಹಚ್ಚು. ಅಜ್ಜಿ— ನಾಗದೋಷ. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ— "ಮದ್ವೆ ಆದ್ರೆ ತಾನೇ ಹೋಗುತ್ತೆ ಬಿಡೇ." ಗಂಡ ಅಂದರೆ ಏನು, ಫೇಸ್‌ವಾಶಾ?

ಜೂನ್ 15, ಭಾನುವಾರ

ಅಜ್ಜಿಯ ಕಾಟ ತಾಳಲಾರದೆ ಅವಳ ಜೊತೆ ಘಾಟಿಯ ನಾಗದೇವರ ಗುಡಿಗೆ ಹೋಗಿ ಬಂದೆ. ತೂಬಗೆರೆಯಲ್ಲಿದ್ದು ಘಾಟಿಗೆ ಹೋಗಲ್ಲ ಅಂದರೆ ಕೇಳುವವರು ಯಾರು. ನಾಗರಕಲ್ಲಿನ ಮುಂದೆ ಉಪ್ಪು, ಮೆಣಸು ಹಾಕಿಸಿದಳು. ಆಮೇಲೆ ನನ್ನ ಮುಖ ನೋಡಿ, "ಇದೇನೇ ಬೆಳ್ಳಗೆ ಬಳ್ಕೊಂಡಿದೀಯ, ದೇವ್ರ ಮುಂದೆ?" ಅಂತ ಸೆರಗಿನಿಂದ ಸನ್‌ಸ್ಕ್ರೀನನ್ನೆಲ್ಲ ತಿಕ್ಕಿ ತೆಗೆದಳು. ಮಧ್ಯಾಹ್ನದ ಬಿಸಿಲು. ಮುಖ ಉರಿದು ಹೋಯಿತು. ದೋಷ ಹೋಗುತ್ತಿರುವ ಲಕ್ಷಣವಂತೆ.

ಜೂನ್ 17, ಮಂಗಳವಾರ

ಸ್ಟುಡಿಯೋಗೆ ದೊಡ್ಡಬೆಳವಂಗಲದ ತಾಯಿ, ಮಗ ಬಂದಿದ್ದರು. ಮಗ ಮುರಳಿ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಮೊಡವೆ ತುಂಬಿದ ಮುಖ, ಥೇಟ್ ನನ್ನದೇ. ತಾಯಿ ನನ್ನ ಕುರ್ಚಿಗೇ ಒರಗಿ ನಿಂತು— "ಹೆಣ್ಣಿನ್ ಕಡೆಯವ್ರಿಗೆ ಕಳ್ಸೋ ಫೋಟೋ ಕಣಮ್ಮ, ಒಂದು ಕಲೆ ಕಾಣ್ಬಾರ್ದು." ಮಗರಾಯ ಆ ಕಡೆ ಕೂತು ಗಲ್ಲದ ಮೊಡವೆ ಕೆರೆಯುತ್ತಿದ್ದ. "ಹಿಸುಕ್ಬೇಡಿ ಸರ್, ಗುಳಿ ಬೀಳುತ್ತೆ" ಅಂದೆ. ತಾಯಿ ಕೆಕ್ಕರಿಸಿ ನೋಡಿದಳು. ಬೆಣ್ಣೆ ಮಾಡಿ ಕಳಿಸಿದೆ.

ಜೂನ್ 19, ಗುರುವಾರ

ಮದುವೆ ಬ್ರೋಕರ್ ಚಿನ್ನಸ್ವಾಮಿ ಮನೆಗೆ ಬಂದಿದ್ದ. ಅಮ್ಮ ಅವನ ಫೋನ್ ಕಿತ್ತುಕೊಂಡು ನನ್ನ ಮುಖಕ್ಕೆ ಹಿಡಿದಳು— "ನೋಡೇ, ಹಾಲಲ್ಲಿ ತೊಳ್ದಂಗಿದಾನೆ ಹುಡ್ಗ!"

ಮುರಳಿ. ನಾನೇ ತೊಳೆದ ಮುರಳಿ!

ನಕ್ಕೂ ನಕ್ಕೂ ಟೀ ಚೆಲ್ಲಿದೆ. ಹೇಳಿಬಿಡೋಣ ಅನ್ನುವಷ್ಟರಲ್ಲಿ ಗೊತ್ತಾಯಿತು, ನನ್ನ ಫೋಟೋನೂ ಅವರಿಗೆ ಹೋಗಿದೆಯಂತೆ. ಅಕ್ಕನ ಮದುವೆಯದು. ಅದನ್ನು ಬೆಣ್ಣೆ ಮಾಡಿದವಳೂ ನಾನೇ. ಬಾಯಿ ಮುಚ್ಚಿಕೊಂಡೆ. ಆಷಾಢ ಹುಟ್ಟುವುದರೊಳಗೆ ಮಾತು ಮುಗಿಯಬೇಕಂತೆ, ಈ ಭಾನುವಾರವೇ ಬರುತ್ತಾರೆ.

ಸಂಜೆ ಚಿಕ್ಕಮ್ಮ ಹಾಜರ್, ಕೈಯಲ್ಲೊಂದು ಟ್ಯೂಬ್. "ಮೂರು ರಾತ್ರಿ ಹಚ್ಚು. ಭಾನ್ವಾರ ಕನ್ನಡಿ ನೋಡ್ಕೊ." ಡಾಕ್ಟರಮ್ಮ ಬೇಡವೇ ಬೇಡ ಅಂದಿದ್ದ ಸ್ಟೀರಾಯ್ಡ್ ಕ್ರೀಮ್ ಇದೇ. ಬೇಗ ಹೊಳೆಯುತ್ತದೆ, ಆಮೇಲೆ ಚರ್ಮ ತೆಳ್ಳಗಾಗುತ್ತದೆ, ಬಿಟ್ಟರೆ ದುಪ್ಪಟ್ಟು ಏಳುತ್ತದೆ. ಕೊಡುವವಳ ಮುಖವನ್ನಾದರೂ ನೋಡಬೇಕು— ಎರಡೂ ಕೆನ್ನೆ ಕೆಂಪು, ಒಳಗಿನ ನರಗಳು ಕಾಣುತ್ತವೆ, ಗಲ್ಲದಲ್ಲಿ ಸಣ್ಣ ಕೂದಲು, ಬಿಸಿಲಿಗೆ ಬಂದರೆ ಉರಿ ಉರಿ ಅಂತ ಒದ್ದಾಟ. ಇವಳು ನನಗೆ ಬ್ಯೂಟಿ ಟಿಪ್ಸ್ ಕೊಡುವವಳು. ಥೂ.

ಜೂನ್ 21, ಶನಿವಾರ, ಸಂಜೆ

ಅಮ್ಮ ನನ್ನ ಜೆಲ್ ಬಚ್ಚಿಟ್ಟಿದ್ದಾಳೆ. "ಅದನ್ನ ಹಚ್ಚಿದ್ಮೇಲೇ ಹಿಂಗಾಗಿದ್ದು. ಇವತ್ತೊಂದಿನ ಚಿಕ್ಕಮ್ಮಂದು ಹಚ್ಚೇ... ನಂಗೋಸ್ಕರ." ಅತ್ತಳು ಬೇರೆ. ಸಿಟ್ಟಾದರೆ ಎದುರು ಮಾತಾಡಬಹುದು, ಅತ್ತರೆ ಏನು ಮಾಡುವುದು.

ಟ್ಯೂಬ್ ತೆಗೆದೆ. ಬೆರಳಿಗೆ ಸ್ವಲ್ಪ ಹಿಂಡಿಕೊಂಡು ಕನ್ನಡಿ ಮುಂದೆ ನಿಂತೆ. ಮುಖವಿಡೀ ಕೆಂಪು ಗುಳ್ಳೆ. ಭಯವಾಯಿತು, ಸುಳ್ಳೇಕೆ. ನಾಳೆ ಎಲ್ಲರೆದುರು ಬೇಡ ಅನ್ನಿಸಿಕೊಳ್ಳುವ ಭಯ. ಆದರೆ ಇದನ್ನು ಹಚ್ಚಿದರೆ ಇಷ್ಟು ದಿನ ತಡೆದುಕೊಂಡಿದ್ದೆಲ್ಲ ಹೊಳೆಯಲ್ಲಿ ಹೋದಂತೆ.

ಬೆರಳನ್ನು ಪೇಪರಿಗೆ ಒರೆಸಿದೆ. ಅಮ್ಮ ಏನು ಬಚ್ಚಿಟ್ಟರೂ ಅಕ್ಕಿ ಡಬ್ಬದಲ್ಲೇ. ಜೆಲ್ ಅಲ್ಲೇ ಇತ್ತು.

ಜೂನ್ 22, ಭಾನುವಾರ

ಮುಗಿಯಿತು. ಬರೆಯುವಾಗಲೂ ನಗು ಬರುತ್ತಿದೆ.

ಮುರಳಿಯ ಮುಖಕ್ಕೆ ಪೌಡರ್ ಮೆತ್ತಿದ್ದರು, ಬೆವರಿಗೆ ಅದು ಹಿಟ್ಟಾಗಿತ್ತು. ನಾನು ಕೇಸರಿಬಾತ್ ಕೊಟ್ಟು ಕೂತೆ. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ— "ಫೋಟೋದಲ್ಲಿ ಹಿಂಗಿರ್ಲಿಲ್ವಲ್ಲ ಹುಡ್ಗಿ ಮುಖ?"

ಅಮ್ಮ, "ಸೆಕೆ ಜಾಸ್ತಿ ಅಲ್ವಾ ಈ ಸರ್ತಿ..." ಅಂತ ರಾಗ ತೆಗೆದಳು.

"ನಿಮ್ ಮಗನ್ ಮುಖಾನೂ ಹಿಂಗಿರ್ಲಿಲ್ಲ ಆಂಟಿ, ಫೋಟೋದಲ್ಲಿ. ಮಂಗಳವಾರ ನಾನೇ ಒರೆಸಿದ್ದು." ಗುರುತು ಸಿಗಲಿ ಅಂತ ಸ್ಟುಡಿಯೋದ ಮಾಸ್ಕಿನ ಹಾಗೆ ಅಂಗೈಯಿಂದ ಮೂಗು, ಬಾಯಿ ಮುಚ್ಚಿ ತೋರಿಸಿದೆ.

ಚಿನ್ನಸ್ವಾಮಿಗೆ ಕೇಸರಿಬಾತ್ ನೆತ್ತಿಗೇರಿತು. ಮುರಳಿ ಒಬ್ಬನೇ ಜೋರಾಗಿ ನಕ್ಕ— "ಹಿಸುಕ್ಬೇಡಿ ಅಂದಿದ್ದು ನೀವೇನಾ!" ತಾಯಿ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಕಾಫಿಗೂ ನಿಲ್ಲಲಿಲ್ಲ.

ಅಮ್ಮ ಮಾತು ಬಿಟ್ಟಿದ್ದಾಳೆ. ಚಿಕ್ಕಮ್ಮ ಮಾತ್ರ ಬಿಡಲಿಲ್ಲ— "ತೆಪ್ಪಗೆ ಕ್ರೀಮ್ ಹಚ್ಕೊಂಡಿದ್ರೆ ಮದ್ವೆ ಆಗೋಗ್ತಿತ್ತು. ನಂಗಾಗ್ಲಿಲ್ವಾ?"

ಜುಲೈ 27, ಭಾನುವಾರ

ಆಷಾಢ ಕಳೆಯಿತು. ಬ್ರೋಕರ್ ಈ ಕಡೆ ತಲೆ ಹಾಕಿಲ್ಲ, ಒಳ್ಳೆಯದೇ ಆಯಿತು. ಹಣೆ ತಿಳಿಯಾಗುತ್ತಿದೆ. ಘಾಟಿಯ ಹರಕೆ ಫಲಿಸಿತು ಅಂತ ಅಜ್ಜಿ ಬೀದಿಗೆಲ್ಲ ಸಾರುತ್ತಿದ್ದಾಳೆ. ಜೆಲ್‌ಗೆ ಪಾಪ ಬಾಯಿಲ್ಲ.

ಇವತ್ತು ಚಿಕ್ಕಮ್ಮ ಬಂದವಳು ನನ್ನ ಹಣೆಯನ್ನೇ ನೋಡುತ್ತ ಕೂತಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆ ಡಾಕ್ಟ್ರಮ್ಮ ಯಾವತ್ತು ಇರ್ತಾರೆ?"

ಆಗಸ್ಟ್ 21, ಗುರುವಾರ

ಚಿಕ್ಕಮ್ಮನ ಜೊತೆ ಆಸ್ಪತ್ರೆಗೆ. ಇಡೀ ಕ್ಯೂನಲ್ಲಿ ಕೆನ್ನೆಗೆ ಸೆರಗು. ಇವಳ ನಾಟಕ ಬೇರೆ ಅಂದುಕೊಂಡೆ.

"ಎಷ್ಟು ವರ್ಷದಿಂದ ಹಚ್ತಿದೀರ?" ಡಾಕ್ಟರಮ್ಮ ಕೇಳಿದರು.

ಚಿಕ್ಕಮ್ಮ ನೆಲ ನೋಡಿದಳು. "ನನ್ನ ನೋಡೋಕ್ ಬರ್ತಾರೆ ಅಂದಾಗ ಹಚ್ಚಿದ್ದು ಮೇಡಂ. ಬಿಟ್ರೆ ಮುಖ ಪೂರ್ತಿ ಎದ್ಬಿಡೋದು. ಹೊಸ ಮದ್ವೆ... ಹೆಂಗ್ ಬಿಡ್ಲಿ?" ಅವಳ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ.

ನಿಧಾನವಾಗಿ ಬಿಡಿಸುತ್ತಾರಂತೆ. ಬಿಟ್ಟಾಗ ಏಳುತ್ತದೆ, ಉರಿಯುತ್ತದೆ, ತಡೆದುಕೊಳ್ಳಬೇಕು ಅಂದರು.

ಬಸ್ಸಿನಲ್ಲಿ ಚಿಕ್ಕಮ್ಮ ಮೆಲ್ಲಗೆ— "ಇದಿಲ್ದೆ ನನ್ ಮುಖ ಹೆಂಗಿರುತ್ತೆ ಅಂತ ನಿಮ್ ಚಿಕ್ಕಪ್ಪ ನೋಡೇ ಇಲ್ಲ ಕಣೇ ಬಿಂದು. ನಂಗೂ ಮರ್ತೋಗಿದೆ."

ಕಿಟಕಿಯ ಬಿಸಿಲು ಅವಳ ಕೆನ್ನೆಗೆ ಬೀಳುತ್ತಿತ್ತು, ಜಾಗ ಬದಲಾಯಿಸಿ ಕಿಟಕಿ ಪಕ್ಕ ನಾನು ಕೂತೆ.

ಆಗಸ್ಟ್ 22, ಶುಕ್ರವಾರ

ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತು. ಚಿಕ್ಕಮ್ಮನ ಹೈಸ್ಕೂಲ್ ಗ್ರೂಪ್ ಫೋಟೋ. ಎರಡನೇ ಸಾಲು, ಎರಡು ಜಡೆ. ಮುಖದ ತುಂಬ ಮೊಡವೆ. ಬಾಯ್ತುಂಬ ನಗು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ.

ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿ ಅವಳ ಮುಖವೊಂದನ್ನೇ ದೊಡ್ಡದು ಮಾಡಿದೆ. ಮಾಸ್ಕ್ ತೆಗೆದು ಪಕ್ಕಕ್ಕಿಟ್ಟೆ. ಹಿಂದಿನಿಂದ ಭಾನುಪ್ರಕಾಶ್ ಸರ್ ಬಂದು ಬಗ್ಗಿ ನೋಡಿ, "ಯಾರಮ್ಮ ಇದು? ಬೆಣ್ಣೆ ಮಾಡು" ಅಂದರು.

ಮೌಸ್ ಮೇಲಿಂದ ಕೈ ತೆಗೆದು, "ನಮ್ ಚಿಕ್ಕಮ್ಮ ಸರ್. ಇದು ಹಿಂಗೇ ಪ್ರಿಂಟ್ ಆಗ್ಲಿ" ಅಂದೆ.