ಹಸಿ ಎಂಬ ಎರಡಕ್ಷರ

ಜೂನ್ ಹದಿನಾಲ್ಕು, ಶನಿವಾರ

ಅತ್ತಿಗೆಯಾಗುವ ಮೊದಲೇ ಗೆಳತಿಯಾಗಿದ್ದವಳೇ,

ನಾನು ಕ್ಷೇಮ. ನೀವೂ ಕ್ಷೇಮವೆಂದು ಅಣ್ಣ ಫೋನಿನಲ್ಲಿ ಹೇಳಿದ. ಪುಸ್ತಕ ಬಂದು ಹನ್ನೊಂದು ದಿನವಾದರೂ ಒಂದು ಸಾಲು ಬರೆಯಲಿಲ್ಲ, ಬೈದುಕೋ. ಗ್ರಂಥಾಲಯದಲ್ಲಿ ಪುಸ್ತಕಗಳ ಎಣಿಕೆ, ಪುರುಸೊತ್ತಿಲ್ಲ ಎಂದು ಅಣ್ಣನಿಗೆ ನೆಪ ಹೇಳಿದ್ದೆ. ಎಣಿಕೆ ಹೋದ ತಿಂಗಳೇ ಮುಗಿದಿದೆ.

ನಿಜ ಕಾರಣ ಹೊಟ್ಟೆಕಿಚ್ಚು.

ನಾಡು ಮರೆತ ನಲವತ್ತು ಕವಯಿತ್ರಿಯರನ್ನು ಹುಡುಕಿ ಒಂದೇ ಸಂಕಲನದಲ್ಲಿ ಕೂರಿಸಿದ್ದೀಯ. ಎಂ.ಎ. ಓದುವಾಗ ಇಬ್ಬರೂ ಸೇರಿ ಶುರು ಮಾಡಿದ ಕೆಲಸ ಅದು. ನೀನು ಏಣಿ ಹತ್ತಿ ಹಳೇ ಪುಸ್ತಕ ಇಳಿಸುತ್ತಿದ್ದೆ, ನಾನು ಕೆಳಗೆ ಕೂತು ಸೀನುತ್ತ ನಕಲು ಮಾಡುತ್ತಿದ್ದೆ. ಈಗ ಮುಖಪುಟದಲ್ಲಿ ನೀನು. ನಾನು ಕೃತಜ್ಞತೆಯ ಪುಟದಲ್ಲಿ, ಜೆರಾಕ್ಸ್ ಅಂಗಡಿಯವನಿಗೂ ರಟ್ಟು ಕಟ್ಟುವವನಿಗೂ ನಡುವೆ: 'ನಾದಿನಿ, ಕೈಬರಹದ ನೆರವು.'

"ನಿನ್ನನ್ನೂ ಸೇರಿಸಿದಾಳೆ, ನೋಡಿದ್ಯಾ?" ಎಂದ ಅಣ್ಣ.

"ನೋಡಿದೆ, ಭೂತಗನ್ನಡಿ ಹಿಡ್ಕೊಂಡು" ಎಂದೆ. ಅವನು ನಕ್ಕ.

ನಮ್ಮ ಗ್ರಂಥಪಾಲಕರಂತೂ ನಿನ್ನ ನಲವತ್ತು ಜನರಲ್ಲಿ ಒಬ್ಬಳಾದ ಆ ದಾದಿ ಬರೆದ ಪದ್ಯ ತೆರೆದು ನನ್ನ ಮೇಜಿಗೇ ಬಂದರು. "ಯಾರ್ರೀ ಮೇಡಂ ಈ ಹೆಂಗಸು? 'ಹರವಿದ ಬಟ್ಟೆಯ ಹಾಗೆ ಮನೆ ತುಂಬ ಹಸಿ ಮೌನ' ಅಂತಾಳಲ್ಲ! ಆಸ್ಪತ್ರೆ ಕೆಲಸದವಳಿಗೆ ಇಂಥ ಪದ ಎಲ್ಲಿ ಸಿಕ್ತು?" ನಾನು ಫೈಲಿನೊಳಗೆ ತಲೆ ಹುದುಗಿಸಿದೆ.

ಅದರ ಬೆನ್ನಿಗೇ ನಿನ್ನ ಪತ್ರ. ಎರಡನೇ ಮುದ್ರಣಕ್ಕೆ 'ಹಸಿ ಮೌನ' ಎಂದೇ ಹೆಸರಿಡುತ್ತಾರಂತೆ, ದಾದಿಯ ಮೂಲ ಪುಸ್ತಕ ಈಗ ಎಲ್ಲೂ ಸಿಗುತ್ತಿಲ್ಲವಂತೆ, ನನ್ನ ನಕಲಿನ ಪುಟವನ್ನೇ ಮುಖಪುಟಕ್ಕೆ ಹಾಕುತ್ತಾರಂತೆ. ಇಪ್ಪತ್ತಮೂರಕ್ಕೆ ಅಚ್ಚಿಗೆ.

ಇನ್ನು ಮುಚ್ಚಿಡುವುದಕ್ಕಾಗುವುದಿಲ್ಲ. ಆ ಸಾಲಿನಲ್ಲಿ 'ಮೌನ'ಕ್ಕೆ ಮುಂಚೆ ಹುಳು ತಿಂದ ತೂತಿತ್ತು. ಎರಡಕ್ಷರದಷ್ಟು ಜಾಗ. ನಿನ್ನ ಕಟ್ಟಪ್ಪಣೆ ನನಗೆ ಬಾಯಿಪಾಠ: "ಅಕ್ಷರ ಕಾಣದಿದ್ರೆ ಚುಕ್ಕಿ ಇಡೇ, ನಿನ್ನ ಜಾಣತನ ಇಡ್ಬೇಡ." ಆ ದಿನ ನಾನು ಚುಕ್ಕಿ ಇಡಲಿಲ್ಲ. 'ಹಸಿ' ಎಂದು ಬರೆದೆ. ಅವಳು ಬರೆದದ್ದು 'ಬರೀ' ಇದ್ದೀತು, 'ಹಳೇ' ಇದ್ದೀತು. ನನಗೆ ಗೊತ್ತಿಲ್ಲ. ಗೊತ್ತಿರುವವರು ಯಾರೂ ಉಳಿದಿಲ್ಲ.

ನೀನೋ, ಮುನ್ನುಡಿಯಲ್ಲಿ ಆ ಎರಡಕ್ಷರಕ್ಕೆ ಮೂರು ಪುಟ ಬರೆದಿದ್ದೀಯ! ಆರದ ಬಟ್ಟೆಯ ಹಸಿ, ಬೇಯದ ಹಿಟ್ಟಿನ ಹಸಿ, ಮಾಯದ ಗಾಯದ ಹಸಿ, ಮೂರನ್ನೂ ಒಂದೇ ಪದದಲ್ಲಿ ಹಿಡಿದವಳು ಹುಟ್ಟುಕವಿ ಎಂದಿದ್ದೀಯ. ಐದು ಸಲ ಓದಿದೆ. ಮೊದಲ ಸಲ ಮೈ ಝುಮ್ಮೆಂದಿತು. ಆಮೇಲೆ ಆ ದಾದಿಯ ಮೇಲೆ ಉರಿ ಹತ್ತಿತು. ನಿನ್ನ ಮೇಲಾದರೆ ಒಂದು ಲೆಕ್ಕ. ಸತ್ತು ಅರವತ್ತು ವರ್ಷವಾದವಳ ಮೇಲೆ! ನನ್ನ ಒಡವೆ ತೊಟ್ಟು ಮೆರೆಯುತ್ತಿದ್ದಾಳೆ ಅನಿಸಿತು. ಪಾಪ, ಅವಳು ಕೇಳಿದ್ದಳೇ?

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳ ಹೆಸರಿನಲ್ಲಿ ನನ್ನ ಪದ ಮುಖಪುಟಕ್ಕೇರಿದರೆ, ನೀನು ಹುಡುಕಿ ತಂದವಳನ್ನು ನಾನೇ ಮತ್ತೆ ಮುಚ್ಚಿದ ಹಾಗಾಯಿತು. ನೀನು ಕೇಳಿದ ನಕಲಿನ ಪುಟ ಲಕೋಟೆಯಲ್ಲಿದೆ, ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಅಲ್ಲಿ ಚುಕ್ಕಿ ಇಡು. ಮೂರು ಪುಟದ ಹೊಗಳಿಕೆಯನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಅಣ್ಣನಿಗೆ ಪತ್ರ ತೋರಿಸಬೇಡ, ಸಮಾಧಾನ ಮಾಡಲು ಹೊರಟುಬಿಡುತ್ತಾನೆ. ನಿನ್ನ ಕಣ್ಣಿಗೆ ಆಯುಸ್ಸು ಹೆಚ್ಚಲಿ, ಇನ್ನೂ ನೂರು ಜನ ನಿನ್ನ ಕೈಯಲ್ಲಿ ಬೆಳಕಿಗೆ ಬರಲಿ. ಉರಿಯುತ್ತಲೇ ಹರಸುತ್ತಿದ್ದೇನೆ, ತೆಗೆದುಕೋ.

ನಿನ್ನ,
ನಾದಿನಿ

ಅಂಟಿಸುವ ಮುಂಚೆ ಇನ್ನೊಂದು ಮಾತು: ನಿನ್ನ ಮದುವೆ ಗೊತ್ತಾದ ವಾರ ನಾನು ಬರೆದ ಒಂಬತ್ತು ಪದ್ಯ ನಿನ್ನ ಕೈಗೆ ಕೊಟ್ಟಿದ್ದೆ. ನೀನು ಬಸ್ಸಿಗೆ ಕಾಯುತ್ತ ನಿಂತಲ್ಲೇ ಓದಿ, "ಚೆನ್ನಾಗಿವೆ ಕಣೇ, ಆದ್ರೆ ಕವಿತೆ ಅಲ್ಲ" ಎಂದು ಮಡಿಸಿ ವಾಪಸ್ಸು ಕೊಟ್ಟೆ. ಮರುದಿನ ನಾನು ಆ ದಾದಿಯ ಪುಟ ನಕಲು ಮಾಡಿದೆ. ಪದ್ಯ ಬರೆಯುವುದು ಅಲ್ಲಿಗೆ ನಿಂತಿತು. 'ಹಸಿ ಮೌನ' ನನ್ನ ಏಳನೆಯ ಪದ್ಯದಲ್ಲಿತ್ತು. ನೀನು ಓದಿದ್ದೆ.